ರೈತರು ಬಳಸೋದೆಲ್ಲ 8201 ಅಲ್ಲ

ಅಡಿಕೆ, ಕಾಫಿ, ದ್ರಾಕ್ಷಿ ತೋಟಗಳಿಗೆ ಬೇಕಾದ ಕೈ ಉಪಕರಣಗಳನ್ನು ಚೀನಾದಿಂದ ತರಿಸುವವರು ಈಗ ಜಾಸ್ತಿ. ಕಸ್ಟಮ್ಸ್ ಬ್ರೋಕರ್ ಆಗಿ ಅವರ ಬಿಲ್ ಆಫ್ ಎಂಟ್ರಿ (ಆಮದು ಸರಕಿನ ವಿವರವನ್ನು ಕಸ್ಟಮ್ಸ್‌ಗೆ ಕೊಡುವ ದಾಖಲೆ) ಫೈಲ್ ಮಾಡುವುದು ನನ್ನ ಕೆಲಸ. ಇನ್‌ವಾಯ್ಸ್ ಕೈಗೆ ಕೊಡುವಾಗಲೇ ಹೆಚ್ಚಿನವರು ಒಂದು ಮಾತು ಸೇರಿಸುತ್ತಾರೆ: "ಎಲ್ಲಾ ರೈತರಿಗೇ ಸಾರ್, 8201ರಲ್ಲೇ ಹಾಕಿಬಿಡಿ." ಕೇಳಿ ಕೇಳಿ ಸಾಕಾಗಿದೆ. 8201 ಅಂದರೆ ಟ್ಯಾರಿಫ್‌ನಲ್ಲಿ, ಅಂದರೆ ಕಸ್ಟಮ್ಸ್‌ನ ಸುಂಕದ ಪಟ್ಟಿಯಲ್ಲಿ, ಕೃಷಿಯ ಕೈ ಉಪಕರಣಗಳ ಗುಂಪಿಗೆ ಕೊಟ್ಟಿರುವ ಸಂಖ್ಯೆ. ಇಂಥ ನಾಲ್ಕಂಕಿಯ ಗುಂಪಿಗೆ ಹೆಡಿಂಗ್ ಅನ್ನುತ್ತಾರೆ; ಮೊದಲ ಎರಡು ಅಂಕಿ ಅಧ್ಯಾಯದ್ದು.

ಯಾಕೆ ಕೇಳುತ್ತಾರೆ ಅನ್ನೋದು ಗೊತ್ತಿರುವ ವಿಷಯ. ಗುದ್ದಲಿ, ಸಲಿಕೆ, ಪಿಕಾಸಿ, ಕೊಡಲಿ, ಕುಡುಗೋಲು, ಸಿಕೇಟರ್ (ಕೊಂಬೆ ಕತ್ತರಿಸುವ ಕತ್ತರಿ) ಎಲ್ಲ 8201ರಲ್ಲಿವೆ. ಇವಕ್ಕೆ ಜಿಎಸ್‌ಟಿ ಇಲ್ಲ, ಆಮದಿನ ಮೇಲೆ ಹಾಕುವ ಜಿಎಸ್‌ಟಿ, ಅಂದರೆ ಐಜಿಎಸ್‌ಟಿಯೂ ಇಲ್ಲ. ಒಂದು ಹೆಜ್ಜೆ ಮುಂದೆ ಹೋಗಿ ಗರಗಸಗಳ 8202ಕ್ಕೆ ಬಂದರೆ ಶೇ. 18. (ನಾನು ಬರೆಯುವಾಗಿನ ದರ ಇದು. ಫೈಲ್ ಮಾಡುವ ದಿನದ ನೋಟಿಫಿಕೇಶನ್ ನೋಡದೆ ಯಾವ ದರವನ್ನೂ ನಂಬಬೇಡಿ.)

ತೀರ್ಥಹಳ್ಳಿ ಕಡೆಯ ವ್ಯಾಪಾರಿಯೊಬ್ಬರು ಸ್ಯಾಂಪಲ್ ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರು ವಸ್ತು. ಸ್ಪ್ರಿಂಗ್ ಇರುವ ಒಂದು ಕೈ ಸಿಕೇಟರ್. ಬಾಗಿದ ಅಲಗಿನ, ಕೆಂಪು ಹಿಡಿಯ, ಕೊಂಬೆ ಕೊಯ್ಯುವ ಗರಗಸ. ಬ್ಯಾಟರಿ ಹಾಕಿದರೆ ತಾನೇ ಕತ್ತರಿಸುವ ಇನ್ನೊಂದು ಸಿಕೇಟರ್. ಮೂರೂ ಒಂದೇ ಕಂಪನಿಯವು. ಮೂರರ ಡಬ್ಬಿಯ ಮೇಲೂ ಅದೇ ಸೇಬಿನ ಮರದ ಚಿತ್ರ. ಇನ್‌ವಾಯ್ಸ್‌ನಲ್ಲಿ ಮೂರಕ್ಕೂ 'ಗಾರ್ಡನ್ ಟೂಲ್ಸ್', ಮೂರಕ್ಕೂ 8201.

ನಾನು ಹೇಳಿದೆ: ಮೊದಲನೆಯದು 8201 50 (ಕೊನೆಯ ಎರಡು ಅಂಕಿ ಹೆಡಿಂಗ್‌ನ ಒಳಗಿನ ಉಪವಿಭಾಗ), ತೊಂದರೆ ಇಲ್ಲ. ಎರಡನೆಯದು 8202 10. ಮೂರನೆಯದು 82ನೇ ಅಧ್ಯಾಯವೇ ಅಲ್ಲ, 8467 29.

"ಅಲ್ಲ ಮಾರಾಯ್ರೆ, ಗರಗಸದಲ್ಲಿ ನಾವು ಕೊಯ್ಯೋದು ಗಿಡದ ಕೊಂಬೆಯನ್ನೇ. ಬಡಗಿ ಇದನ್ನ ಮುಟ್ಟೋದೂ ಇಲ್ಲ," ಅಂದರು. ಅವರು ಹೇಳಿದ್ದು ಸತ್ಯವೇ. ಆದರೆ ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲರೂ ಎಡವುವುದು ಇಲ್ಲೇ.

8201ರಲ್ಲಿ ಮೊದಲು ಹೆಸರು ಹಿಡಿದು ಪಟ್ಟಿ ಇದೆ. ಕೊನೆಯಲ್ಲಿ "ಕೃಷಿ, ತೋಟಗಾರಿಕೆ, ಅರಣ್ಯ ಕೆಲಸಕ್ಕೆ ಬಳಸುವ ಬಗೆಯ ಇತರ ಉಪಕರಣ" ಎಂಬ ಅರ್ಥದ ಸಾಲು ಬರುತ್ತದೆ. ನಮ್ಮವರು ಈ ಕೊನೆಯ ಸಾಲನ್ನು ಮಾತ್ರ ಓದುತ್ತಾರೆ. ಆದರೆ 8202 ಶುರುವಾಗುವುದೇ 'ಕೈಗರಗಸ' ಅಂತ ಹೆಸರು ಹೇಳಿ. ಎರಡು ಹೆಡಿಂಗ್‌ಗೂ ಒಂದು ವಸ್ತು ಹೊಂದುವಂತೆ ಕಂಡರೆ, ಹೆಚ್ಚು ನಿರ್ದಿಷ್ಟವಾಗಿ ವರ್ಣಿಸಿದ್ದೇ ಗೆಲ್ಲುತ್ತದೆ. ವರ್ಗೀಕರಣದ ನಿಯಮ 3(ಎ) ಹೇಳುವುದು ಇದನ್ನೇ. ಹೆಸರು ಹೇಳಿ ಕರೆದಿರುವ ಮನೆ ಬೇರೆ ಇರುವಾಗ 'ಇತರ' ಎಂಬ ಜಗಲಿಯಲ್ಲಿ ಕೂರಿಸಲು ಆಗುವುದಿಲ್ಲ. ಗರಗಸವನ್ನು ರೈತ ಹಿಡಿದರೂ ಗರಗಸ, ಬಡಗಿ ಹಿಡಿದರೂ ಗರಗಸ.

ತಿರುಗಿಸಿ ನೋಡಿದರೂ ಅಷ್ಟೇ. ಅಗ್ನಿಶಾಮಕ ದಳಕ್ಕೆ ಕೊಡಲಿ ತರಿಸಿದರೆ ಅದು 8201 40. ಅಲ್ಲಿ ಯಾವ ರೈತನೂ ಇಲ್ಲ, ಅಲ್ವಾ? ರಸ್ತೆ ಕಂಟ್ರಾಕ್ಟರ್ ತರಿಸುವ ಸಲಿಕೆಯೂ 8201ರಲ್ಲೇ ಇರುತ್ತದೆ. ಕೊಳ್ಳುವವರು ಯಾರು ಅನ್ನೋದು ನಿಮ್ಮ ವ್ಯಾಪಾರದ ವಿಷಯ. ಹೆಡಿಂಗ್ ನೋಡುವುದು ವಸ್ತುವನ್ನು.

ಬ್ಯಾಟರಿ ಸಿಕೇಟರ್ ವಿಷಯದಲ್ಲಿ ಆ ವ್ಯಾಪಾರಿ ಟ್ಯಾರಿಫ್ ಓದಿಕೊಂಡೇ ಬಂದಿದ್ದರು. ನನಗೆ ಅದು ಇಷ್ಟವಾಯಿತು. "ಯಾವುದೇ ಬಗೆಯ ಸಿಕೇಟರ್ ಅಂತ ಅಲ್ಲೇ ಬರೆದಿದೆಯಲ್ಲ?" ಅಂತ ಕೇಳಿದರು. ಹೌದು, ಬರೆದಿದೆ. ಆದರೆ ಆ ಹೆಡಿಂಗ್‌ನ ಮೊದಲ ಪದವೇ 'ಕೈ ಉಪಕರಣ'. ಅದಕ್ಕಿಂತ ಮೇಲೆ, 82ನೇ ಅಧ್ಯಾಯ ಇರುವ 15ನೇ ವಿಭಾಗದ ಮೊದಲ ಟಿಪ್ಪಣಿ, 16ನೇ ವಿಭಾಗದ ಯಂತ್ರಗಳನ್ನು ಹೊರಗಿಟ್ಟಿದೆ. ಕೈಯಲ್ಲಿ ಹಿಡಿದು ಕೆಲಸ ಮಾಡುವ, ಒಳಗೇ ಮೋಟಾರ್ ಇರುವ ಉಪಕರಣಕ್ಕೆ 8467 ಇದೆ. ಈಗ ಕಾಫಿ ಎಸ್ಟೇಟ್‌ಗಳಲ್ಲಿ ಓಡುತ್ತಿರುವ ಬ್ಯಾಟರಿ ಮಿನಿ ಚೈನ್ ಸಾ ಕೂಡ ಅಲ್ಲೇ, 8467 22. ಬಿಡಿ ಬ್ಯಾಟರಿಗಳನ್ನು ಬೇರೆ ಪೆಟ್ಟಿಗೆಯಲ್ಲಿ ತರಿಸಿದರೆ ಅವು 8507.

"ಹೇಗೂ ಐಜಿಎಸ್‌ಟಿಗೆ ಕ್ರೆಡಿಟ್ ಸಿಗುತ್ತೆ, ಸರ್ಕಾರಕ್ಕೇನು ನಷ್ಟ?" ಅಂತಲೂ ಕೇಳುತ್ತಾರೆ. ಆಮದಿನಲ್ಲಿ ಕಟ್ಟಿದ್ದನ್ನು ಮಾರುವಾಗಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳುವುದೇ ಕ್ರೆಡಿಟ್. ಆದರೆ 8201 ಅಂತ ತಂದವರು ಅಂಗಡಿಯಲ್ಲಿ ಮಾರುವುದೂ ತೆರಿಗೆ ಇಲ್ಲದೆಯೇ. ಅಂದರೆ ಶೇ. 18 ಎಲ್ಲೂ ಕಟ್ಟಿರುವುದಿಲ್ಲ. ಮುಂದೊಂದು ದಿನ ಕಸ್ಟಮ್ಸ್ ನೋಟಿಸ್ ಬಂದರೆ ಅದರ ಹಿಂದೆಯೇ ಜಿಎಸ್‌ಟಿಯವರದೂ ಬರಬಹುದು. ಕಸ್ಟಮ್ಸ್ ಕಾಯ್ದೆಯ 28ನೇ ಸೆಕ್ಷನ್‌ನಲ್ಲಿ ಸಾಮಾನ್ಯವಾಗಿ 2 ವರ್ಷ ಹಿಂದಕ್ಕೆ ಹೋಗಬಹುದು. ಬೇಕೆಂದೇ ತಪ್ಪು ಹೇಳಿದ್ದಾರೆ ಅಂತ ಸಾಬೀತಾದರೆ 5 ವರ್ಷ. ಆಗ ಸುಂಕ, ಬಡ್ಡಿ, ಸುಂಕದಷ್ಟೇ ದಂಡ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಸಣ್ಣ ಊರಿನ ವ್ಯಾಪಾರಿಗಳು ಐದು ವರ್ಷದ ಲಾಭವನ್ನು ಒಂದೇ ನೋಟಿಸ್‌ಗೆ ಸುರಿಯುವುದು ನೋಡಲು ಕಷ್ಟ.

"ನಮ್ಮ ಆಫೀಸರ್‌ಗೆ ಗೊತ್ತು" ಅನ್ನುವವರಿಗೂ ಒಂದು ಮಾತು. 2020ರ ಜೂನ್‌ನಲ್ಲಿ ಬೆಂಗಳೂರು, ಚೆನ್ನೈಗಳಲ್ಲಿ 84 ಮತ್ತು 85ನೇ ಅಧ್ಯಾಯಗಳಿಂದ ಶುರುವಾದ ಫೇಸ್‌ಲೆಸ್ ಅಸೆಸ್‌ಮೆಂಟ್ (ಮುಖ ನೋಡದೆ ಆನ್‌ಲೈನ್‌ನಲ್ಲೇ ಬಿಲ್ ಪರಿಶೀಲಿಸುವ ವ್ಯವಸ್ಥೆ) ಆ ವರ್ಷವೇ ದೇಶಕ್ಕೆಲ್ಲ ಹರಡಿತು. ನಿಮ್ಮ ಸರಕು ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿದ್ದರೂ (ಐಸಿಡಿ) ಬಿಲ್ ನೋಡುವ ಅಧಿಕಾರಿ ಬೇರೆ ರಾಜ್ಯದಲ್ಲಿರಬಹುದು. ಅವರ ಮುಂದೆ ಇರುವುದು ನೀವು ಬರೆದ ವಿವರಣೆ ಮಾತ್ರ. 'ಅಗ್ರಿಕಲ್ಚರ್ ಟೂಲ್ಸ್, 500 ಪೀಸ್' ಅಂತ ಬರೆದರೆ ಕ್ವೆರಿ ಬರುವುದು ಖಂಡಿತ ಅಂತಲೇ ಇಟ್ಟುಕೊಳ್ಳಿ. ಕ್ವೆರಿಗೆ ಉತ್ತರ ಹೋಗುವಷ್ಟರಲ್ಲಿ ಡೆಮರೇಜ್ (ಸರಕು ಬಿಡಿಸಿಕೊಳ್ಳದೆ ನಿಂತದ್ದಕ್ಕೆ ಬೀಳುವ ಬಾಡಿಗೆ) ಏರುತ್ತಿರುತ್ತದೆ. ಕೈಯಿಂದ ನಡೆಯುವಂಥದ್ದೋ ಮೋಟಾರೋ, ಅಲಗು ಯಾವ ಲೋಹದ್ದು, ಒಂದು ಕೈಯದೋ ಎರಡು ಕೈಯದೋ, ಬಿಡಿಯೋ ಸೆಟ್ಟೋ, ಇಷ್ಟನ್ನು ಬರೆಯಿರಿ. ಕ್ಯಾಟಲಾಗ್ ಸೇರಿಸಿ.

ಸೆಟ್‌ಗಳ ಬಗ್ಗೆ ಚುಟುಕಾಗಿ: ಉಪಕರಣ ಸೆಟ್‌ಗಳ ಹೆಡಿಂಗ್ ಆದ 8206ಕ್ಕೆ ಹೋಗಲು ಸೆಟ್ಟಿನಲ್ಲಿ 8202ರಿಂದ 8205ರ ಒಳಗಿನ ಎರಡಾದರೂ ಹೆಡಿಂಗ್‌ನ ಉಪಕರಣ ಇರಬೇಕು. ಬರೀ ಸ್ಪ್ಯಾನರ್ ಸೆಟ್ 8204ರಲ್ಲೇ ಉಳಿಯುತ್ತದೆ.

ಈಚೆಗೆ ಮಲೆನಾಡಿನಿಂದ ಬರುವ ಪ್ರಶ್ನೆ ಕಾರ್ಬನ್ ಫೈಬರ್ ದೋಟಿಯದು (ತುದಿಗೆ ಕತ್ತಿ ಕಟ್ಟುವ ಉದ್ದನೆಯ ಕೋಲು). ನೆಲದ ಮೇಲೇ ನಿಂತು ಅಡಿಕೆ ಕೊನೆ (ಗೊನೆ) ಕೊಯ್ಯಬಹುದು, ಔಷಧಿ ಹೊಡೆಯಬಹುದು. ಮರ ಹತ್ತುವವರ ಜೀವ ಉಳಿಸುವ ವಸ್ತು. ಅದು ಅಗ್ಗವಾಗಿ ಸಿಗಲಿ ಅಂತ ನನಗೂ ಆಸೆ. ಆದರೆ ಕತ್ತಿಯಿಲ್ಲದೆ ಬರೀ ಕೋಲು ಬಂದರೆ ಅದನ್ನು 'ಕುಡುಗೋಲಿನ ಭಾಗ' ಅಂತ 8201ಕ್ಕೆ ಹಾಕಲು ಬರುವುದಿಲ್ಲ. 82ನೇ ಅಧ್ಯಾಯದಲ್ಲಿ ಬಿಡಿಭಾಗ ಅಂದರೆ ಸಾಧಾರಣ ಲೋಹದ್ದೇ (ಕಬ್ಬಿಣ, ತಾಮ್ರದಂಥದ್ದು) ಆಗಿರಬೇಕು. ಸುತ್ತಿಗೆಯ ಮರದ ಹಿಡಿ ಬೇರೆಯಾಗಿ ಬಂದರೆ 4417ಕ್ಕೆ ಹೋಗುವುದೂ ಇದೇ ಕಾರಣಕ್ಕೆ. ಕೋಲಿನ ವಿಷಯದಲ್ಲಿ ಅದು ಪ್ಲಾಸ್ಟಿಕ್‌ನ 3926ಓ, ಕಾರ್ಬನ್ ಫೈಬರ್ ವಸ್ತುಗಳ 6815ಓ ಅನ್ನುವ ವಾದ ಏಳುತ್ತದೆ. ಒಳಗಿನ ರಾಳ, ನಾರು ಎಷ್ಟೆಷ್ಟು, ಹೇಗೆ ಮಾಡಿದ್ದಾರೆ ಅನ್ನೋದನ್ನು ನೋಡದೆ ನಾನು ಉತ್ತರ ಕೊಡಲಾರೆ. ಕತ್ತಿಯೂ ಕೋಲೂ ಒಟ್ಟಿಗೆ ಬಂದರೆ 8201ಕ್ಕೆ ವಾದ ಮಾಡಬಹುದು. ಅದನ್ನೂ ಗ್ಯಾರಂಟಿ ಅನ್ನುವುದಿಲ್ಲ.

ಇಂಥದ್ದಕ್ಕೇ ಮುಂಗಡ ತೀರ್ಪಿನ ಪ್ರಾಧಿಕಾರ (ಸರಕು ತರಿಸುವ ಮೊದಲೇ ಹೆಡಿಂಗ್ ಯಾವುದು ಅಂತ ತೀರ್ಪು ಕೊಡುವ ಕಸ್ಟಮ್ಸ್‌ನ ಸಂಸ್ಥೆ) ಇದೆ, ಮುಂಬೈ ಮತ್ತು ದೆಹಲಿಯಲ್ಲಿ. ಶುಲ್ಕ 10,000 ರೂಪಾಯಿ. ಕಾಯ್ದೆ ಕೊಟ್ಟಿರುವ ಗಡುವು 3 ತಿಂಗಳು. ಮಳೆಗೆ ಮುಂಚೆ ಬೋರ್ಡೋ (ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ದ್ರಾವಣ) ಹೊಡೆಯಲು ದೋಟಿ ಅಂಗಡಿಯಲ್ಲಿ ಇರಬೇಕು ಅನ್ನುವವರು ಡಿಸೆಂಬರ್‌ನಲ್ಲೇ ಅರ್ಜಿ ಹಾಕಿ. ಆರ್ಡರ್‌ನ ಅಡ್ವಾನ್ಸ್ ಕಳಿಸುವುದು ತೀರ್ಪು ಬಂದ ನಂತರ.