ರಕ್ತ ತಲುಪದ ಮೂಳೆ

ರೋಮನ್ ಕಾನೂನಿನಲ್ಲಿ ಸ್ವತ್ತೊಂದರ ಬಗ್ಗೆ ಇಬ್ಬರ ನಡುವೆ ವ್ಯಾಜ್ಯ ಹುಟ್ಟಿದಾಗ, ಆ ಸ್ವತ್ತನ್ನು ತೀರ್ಪು ಬರುವವರೆಗೆ ಮೂರನೆಯವನೊಬ್ಬನ ವಶಕ್ಕೆ ಒಪ್ಪಿಸಬಹುದಿತ್ತು. ಅವನಿಗೆ ಸೀಕ್ವೆಸ್ಟರ್ ಎಂಬ ಹೆಸರಿತ್ತು. ನಮ್ಮಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆದೇಶದಡಿ ನೇಮಕವಾಗುವ ರಿಸೀವರ್ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಸ್ಕಾಟ್ಲೆಂಡಿನಲ್ಲಿ ವ್ಯಕ್ತಿಯೊಬ್ಬ ದಿವಾಳಿಯಾದಾಗ ನಡೆಯುವ ಪ್ರಕ್ರಿಯೆಯನ್ನು ಇಂದಿಗೂ ಸೀಕ್ವೆಸ್ಟ್ರೇಶನ್ ಎಂದೇ ಕರೆಯುತ್ತಾರೆ. ಕಾನೂನು ಹೀಗೆ ಬೇರ್ಪಡಿಸುವುದು ಕಾಯ್ದಿಡಲೆಂದು. ಆದರೆ ವೈದ್ಯರು ಸೀಕ್ವೆಸ್ಟ್ರಂ ಎಂದು ಕರೆಯುವ ಸತ್ತ ಮೂಳೆಯ ತುಂಡಿನಲ್ಲಿ ಆ ಬೇರ್ಪಡಿಕೆಯೇ ರೋಗದ ಬೇರು.

ಮಕ್ಕಳ ಮೂಳೆಯ ಸೋಂಕಿಗೆ ಹೆಚ್ಚಾಗಿ ಕಾರಣವಾಗುವುದು ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಉದ್ದ ಮೂಳೆ ಬೆಳೆಯುವ ತುದಿಯ ಬಳಿ ಸೂಕ್ಷ್ಮ ರಕ್ತನಾಳಗಳು ಬಳಸಿ ತಿರುಗುವುದರಿಂದ ಅಲ್ಲಿ ರಕ್ತದ ಹರಿವು ನಿಧಾನ. ರೋಗಾಣು ನೆಲೆಯೂರುವುದೂ ಅಲ್ಲಿಯೇ. ಗಟ್ಟಿ ಮೂಳೆಯೊಳಗೆ ಕೀವು ಹಿಗ್ಗಲು ಜಾಗವಿಲ್ಲದೆ ಒತ್ತಡ ಏರಿ ಒಳಗಿನ ರಕ್ತನಾಳಗಳು ಅದುಮಿಹೋಗುತ್ತವೆ. ಕೀವು ಹೊರಕ್ಕೆ ನುಗ್ಗಿ ಮೂಳೆಯ ಹೊದಿಕೆಯನ್ನು ಎಬ್ಬಿಸಿದಾಗ ಹೊರಗಿನ ರಕ್ತವೂ ತಪ್ಪುತ್ತದೆ. ಎರಡೂ ಕಡೆಯ ಪೂರೈಕೆ ನಿಂತ ಭಾಗ ಸತ್ತು, ಸುತ್ತಲಿನ ಜೀವಂತ ಮೂಳೆಯಿಂದ ಕಳಚಿಕೊಳ್ಳುತ್ತದೆ. ನಾಲೆ ಒಡೆದ ಮೇಲೆ ಅಣೆಕಟ್ಟೆ ತುಂಬಿದ್ದರೂ ಕೊನೆಯ ಗದ್ದೆಗೆ ನೀರು ಬರುವುದಿಲ್ಲ. ಹಾಗೆಯೇ ರಕ್ತದಲ್ಲಿ ಎಷ್ಟೇ ಆಂಟಿಬಯಾಟಿಕ್ ಇದ್ದರೂ ಈ ತುಂಡಿನ ಮೇಲೆ ಪದರಗಟ್ಟಿ ಕುಳಿತ ಬ್ಯಾಕ್ಟೀರಿಯಾಗಳನ್ನು ಅದು ಸರಿಯಾಗಿ ಮುಟ್ಟಲಾರದು.

ಇದರಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಸಂಗತಿಯೆಂದರೆ, ಎಕ್ಸ್‌-ರೇಯಲ್ಲಿ ಸತ್ತ ಮೂಳೆಯೇ ಹೆಚ್ಚು ಬೆಳ್ಳಗೆ, ಗಟ್ಟಿಮುಟ್ಟಾಗಿ ಕಾಣುವುದು. ಉರಿಯೂತದ ನಡುವೆ ಜೀವಂತ ಮೂಳೆ ತನ್ನ ಸುಣ್ಣದಂಶವನ್ನು ಕಳೆದುಕೊಳ್ಳುತ್ತದೆ; ರಕ್ತದ ಸಂಪರ್ಕವೇ ಇಲ್ಲದ ತುಂಡು ತನ್ನದನ್ನು ಹಾಗೆಯೇ ಉಳಿಸಿಕೊಂಡಿರುತ್ತದೆ. ಇತ್ತ ಎಬ್ಬಿಸಲ್ಪಟ್ಟ ಹೊದಿಕೆ ಸತ್ತ ತುಂಡಿನ ಸುತ್ತ ಹೊಸ ಮೂಳೆಯ ಕವಚ ಕಟ್ಟುತ್ತದೆ. ಆ ಕವಚ ಕಾಲಿನ ಭಾರ ಹೊರುವಷ್ಟು ಬಲಿತ ಮೇಲೆ ತುಂಡನ್ನು ತೆಗೆಯುವುದು ಶಸ್ತ್ರಚಿಕಿತ್ಸಕರ ವಾಡಿಕೆ. ಅವಸರದಲ್ಲಿ ತೆಗೆದರೆ ಮೂಳೆ ಮುರಿಯಬಹುದು. ಕೆಲವೊಮ್ಮೆ ಕವಚದ ರಂಧ್ರದ ಮೂಲಕ ಚೂರುಗಳು ಕೀವಿನೊಡನೆ ತಾವಾಗಿಯೇ ಚರ್ಮದಿಂದ ಹೊರಬರುತ್ತವೆ. ಅದು ಮಾಟವೂ ಅಲ್ಲ, ಶಾಪವೂ ಅಲ್ಲ; ತಾಯಿತ ಕಟ್ಟಿ ಕಾಯುವಷ್ಟು ದಿನವೂ ಸೋಂಕು ಒಳಗೆ ಮೂಳೆಯನ್ನು ತಿನ್ನುತ್ತಲೇ ಇರುತ್ತದೆ.

ಜ್ವರದ ಮಗು ಇದ್ದಕ್ಕಿದ್ದಂತೆ ಕಾಲೂರಲು ಒಪ್ಪದಿದ್ದರೆ ಎಣ್ಣೆ ತಿಕ್ಕಿ, ಪಟ್ಟು ಹಾಕಿ ಕೂರಿಸದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊದಲ ವಾರ ಎಕ್ಸ್‌-ರೇಯಲ್ಲಿ ಏನೂ ಕಾಣದಿರಬಹುದು. ಅದನ್ನು ನೋಡಿ ಮೂಳೆಯಲ್ಲಿ ಸೋಂಕಿಲ್ಲವೆಂದು ತೀರ್ಮಾನಿಸುವಂತಿಲ್ಲ.