ಚಿತ್ರಕಾರರು ಎಲ್ಲಿ ನಿಂತಿದ್ದಾರೆ? ನೆನಪು, ಮನೆ ಮತ್ತು ಗುಂಪು ಪ್ರದರ್ಶನ

ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ಇದೆ. ಒಳಗೆ ಹೋಗಲು ಟಿಕೆಟ್ ಬೇಕಿಲ್ಲ. ಡೊಂಬಿವಲಿ, ಮಾಟುಂಗಾ ಕಡೆಯಿಂದ ಬರುವ ನಮ್ಮಂಥವರಿಗೆ ಚಿತ್ರಕಲೆ ಕಲಿಯಲು ಇದಕ್ಕಿಂತ ಅಗ್ಗದ ಶಾಲೆ ಮುಂಬಯಿಯಲ್ಲಿ ಸಿಗುವುದಿಲ್ಲ. ನೆನಪು, ಮನೆ, ಮನುಷ್ಯರ ನಂಟು ಎಂಬ ವಿಷಯದ ಗುಂಪು ಪ್ರದರ್ಶನಗಳನ್ನು ಹೇಗೆ ನೋಡಬೇಕು ಎನ್ನುವುದಕ್ಕೆ ಈ ಟಿಪ್ಪಣಿ.

ಹಂಚಿನ ಮನೆ, ತುಳಸಿಕಟ್ಟೆ, ಜಗಲಿ ಮೇಲೆ ಅಜ್ಜಿ. ಇಂಥ ಚಿತ್ರದ ಮುಂದೆ ನಾವು, ಅದರಲ್ಲೂ ಕರಾವಳಿಯವರು, ಬೇಗ ಕರಗುತ್ತೇವೆ. ಆದರೆ ಕರಗಿದ್ದು ಚಿತ್ರ ನೋಡಿಯೋ, ನಮ್ಮೂರು ನೆನೆದೋ? ಬರೀ ಊರು ನೆನೆದು ಎಂದಾದರೆ ಅಲ್ಲಿ ಕ್ಯಾಲೆಂಡರ್ ಹಾಕಿದ್ದರೂ ಸಾಕಿತ್ತು, ಅಲ್ವಾ? ಅದಕ್ಕೇ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಚಿತ್ರಕಾರರು ಆ ಮನೆಯನ್ನು ಎಲ್ಲಿ ನಿಂತು ನೋಡುತ್ತಿದ್ದಾರೆ?

ಇದಕ್ಕೆ ಒಳ್ಳೆಯ ಪಾಠ ಇದೇ ಗ್ಯಾಲರಿಯಲ್ಲಿ 1981ರಲ್ಲಿ ನಡೆದ 'ಪ್ಲೇಸ್ ಫಾರ್ ಪೀಪಲ್' ಪ್ರದರ್ಶನ. ಆಮೇಲೆ ಅದು ದಿಲ್ಲಿಗೂ ಹೋಯಿತು. ಭೂಪೇನ್ ಖಖ್ಖರ್, ಗುಲಾಂ ಮೊಹಮ್ಮದ್ ಶೇಖ್, ಸುಧೀರ್ ಪಟವರ್ಧನ್, ನಳಿನಿ ಮಲಾನಿ, ವಿವಾನ್ ಸುಂದರಂ, ಜೋಗೆನ್ ಚೌಧುರಿ, ಹೀಗೆ ಆರು ಜನ. ಆ ಪ್ರದರ್ಶನಕ್ಕೆ ಪ್ರಬಂಧ ಬರೆದವರು ಕಲಾವಿಮರ್ಶಕಿ ಗೀತಾ ಕಪೂರ್. ಮನುಷ್ಯರನ್ನೂ ಅವರು ಬದುಕುವ ಜಾಗವನ್ನೂ ಮತ್ತೆ ಚಿತ್ರದ ನಡುವಿಗೆ ತರಬೇಕು ಎಂಬುದು ಅವರ ಹಟ. ಹಟ ಒಂದೇ ಆದರೂ ನಿಂತ ಜಾಗ ಬೇರೆ ಬೇರೆ.

ಶೇಖ್ ಅವರನ್ನೇ ನೋಡಿ. ಬರೋಡಾದಲ್ಲಿ ಓದಿ, ಲಂಡನ್‌ನಲ್ಲಿ ಕಲಿತು ವಾಪಸ್ ಬಂದವರು. 'ಬಹುದಿನದ ಮೇಲೆ ಮನೆಗೆ' ಎಂದು ಕರೆಯಬಹುದಾದ ಅವರ ಚಿತ್ರ 1969ರಿಂದ 1973ರವರೆಗೆ ಬೆಳೆದದ್ದು. ಕೆಳಗೆ ನಮಗೆ ತೀರಾ ಹತ್ತಿರದಲ್ಲಿ ತಾಯಿ. ಅವರ ಹಿಂದೆ ಓಣಿಯ ಮನೆಗಳು. ಮೇಲೆ ಪರ್ಷಿಯನ್ ಮಿನಿಯೇಚರ್‌ಗಳಿಂದ, ಅಂದರೆ ಹಳೆಯ ಪುಸ್ತಕಗಳ ಪುಟ್ಟ ವರ್ಣಚಿತ್ರಗಳಿಂದ, ಇಳಿದು ಬಂದಂಥ ದೇವದೂತರು. ಇಲ್ಲಿ ನೋಡುವವರಿಗೆ ಒಂದೇ ಜಾಗ ಇಲ್ಲ. ತಾಯಿಯನ್ನು ಎದುರಿನಿಂದ ನೋಡುತ್ತೀರಿ, ಓಣಿಯನ್ನು ತುಸು ಮೇಲಿನಿಂದ, ಆಕಾಶವನ್ನು ಹಳೆಯ ಪುಸ್ತಕದೊಳಗಿನಿಂದ. ನೆನಪಿಗೂ ಅಷ್ಟೇ, ಫೋಟೋದಂತೆ ಒಂದೇ ಕೋನ ಇರುವುದಿಲ್ಲ. ಮಿನಿಯೇಚರ್ ಪದ್ಧತಿ ಶೇಖ್‌ಗೆ ಅಲಂಕಾರವಾಗಿ ಅಲ್ಲ, ಈ ಕೆಲಸಕ್ಕೆ ಬೇಕಾಗಿತ್ತು. ಟಿಪ್ಪಣಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

ಖಖ್ಖರ್ 1981ರಲ್ಲೇ ಬರೆದ 'ಯೂ ಕಾಂಟ್ ಪ್ಲೀಸ್ ಆಲ್' (ಎಲ್ಲರನ್ನೂ ಮೆಚ್ಚಿಸಲಾಗದು) ಚಿತ್ರದಲ್ಲಿ ಬೆತ್ತಲೆ ಗಂಡಸೊಬ್ಬ ಬಾಲ್ಕನಿಯಲ್ಲಿ ನಿಂತು ಕೆಳಗಿನ ಊರನ್ನು ನೋಡುತ್ತಾನೆ. ಅಲ್ಲಿ ಅಪ್ಪ, ಮಗ, ಕತ್ತೆಯ ಕತೆ ನಡೆಯುತ್ತಿದೆ. ಮನೆಯ ಅಂಚಿನಲ್ಲಿದ್ದಾನೆ, ಊರೊಳಗೆ ಇಲ್ಲ. ಪಟವರ್ಧನ್ ಠಾಣೆಯಲ್ಲಿ ಎಕ್ಸ್‌-ರೇ ಡಾಕ್ಟರ್ ಆಗಿದ್ದವರು. ಅವರು ನಿಲ್ಲುವುದು ಜನರ ನಡುವೆ, ರಸ್ತೆಯಲ್ಲಿ, ಲೋಕಲ್ ರೈಲಿನಲ್ಲಿ.

ತೀರಾ ಮೇಲಿನಿಂದ, ನಕ್ಷೆ ಬರೆದಂತೆ, ನೋಡಿದವರು ಅಚ್ಚಿನ ಚಿತ್ರಗಳ ಕಲಾವಿದೆ ಜರೀನಾ. ಆ ಆರು ಜನರಲ್ಲಿ ಇವರಿಲ್ಲ, ಆದರೂ ಮನೆ ಎಂದಾಗ ಬಿಡುವಂತಿಲ್ಲ. ಅಲಿಗಢದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ನೆಲೆಸಿದ ಅವರ 1999ರ ಸರಣಿಯಲ್ಲಿ 36 ಮರದಚ್ಚಿನ ಚಿತ್ರಗಳಿವೆ. ಮನೆ, ಹೊಸ್ತಿಲು, ಬಾಗಿಲು, ಹೀಗೆ ಒಂದೊಂದಕ್ಕೂ ಒಂದು ಉರ್ದು ಪದ, ಒಂದಿಷ್ಟು ಗೆರೆ. ಜನ ಇಲ್ಲವೇ ಇಲ್ಲ. ಮೊದಲ ನೋಟಕ್ಕೆ ಒಣಒಣ ಅನ್ನಿಸುತ್ತದೆ. ಮನೆ ಕಳೆದುಕೊಂಡವರ ಕೈಯಲ್ಲಿ ಉಳಿಯುವುದು ನಕ್ಷೆ ಮಾತ್ರ ಎಂದು ಹೊಳೆದಾಗ ಆ ಒಣತನಕ್ಕೆ ಅರ್ಥ ಬರುತ್ತದೆ.

ಮಲಾನಿ 1946ರಲ್ಲಿ ಕರಾಚಿಯಲ್ಲಿ ಹುಟ್ಟಿದವರು. ದೇಶ ವಿಭಜನೆಯ ಬಗ್ಗೆ ಉರ್ದು ಕತೆಗಾರ ಮಾಂಟೋ ಬರೆದ ಕತೆಯನ್ನು ಹಿಡಿದು 1998ರಲ್ಲಿ ಅವರು ಮಾಡಿದ ವಿಡಿಯೋ ಕೃತಿಯಲ್ಲಿ ಟಿವಿಗಳನ್ನು ತಗಡಿನ ಟ್ರಂಕ್‌ಗಳೊಳಗೆ ಇಟ್ಟಿದ್ದರು. ಮನೆ ಬಿಟ್ಟವರ ಸಾಮಾನಿನ ನಡುವೆ ನಿಂತವರು ಈಗ ನಾವು, ನೋಡುಗರು.

ಕನ್ನಡಿಗರ ಪೈಕಿ ಕೆ.ಕೆ. ಹೆಬ್ಬಾರರನ್ನು ಇದೇ ಪ್ರಶ್ನೆ ಇಟ್ಟುಕೊಂಡು ನೋಡಿ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಮುಂಬಯಿಯಲ್ಲೇ ಉಳಿದವರು. ಊರಿನ ಕುಣಿತವನ್ನು ಅವರು ಗೆರೆಯಲ್ಲಿ ಹಿಡಿದಾಗ ಎಲ್ಲಿ ನಿಂತಿದ್ದರು, ರಂಗಸ್ಥಳದ ಮುಂದೆಯೋ ಮುಂಬಯಿಯ ಕಿಟಕಿಯಲ್ಲೋ? ನನ್ನ ಮಟ್ಟಿಗೆ ಎರಡನೆಯದು. ನೀವು ಒಪ್ಪದಿದ್ದರೆ ಮುಂದಿನ ಭೇಟಿಯಲ್ಲಿ ಒಂದು ಚಿತ್ರ ತೋರಿಸಿ ಜಗಳ ಮಾಡಿ.