ಎಂಟು ಸ್ಕಿಟ್‌ಗೆ ಎಂಟು ಸೆಟ್ ಬೇಕಾ?

ಪ್ರಶ್ನೆ: ಸರ್, ನಾವು ಬಳ್ಳಾರಿಯ ಡಿಗ್ರಿ ಕಾಲೇಜಿನವರು. ಗ್ಯಾದರಿಂಗ್‌ಗೆ ಎಂಟು ಕಾಮಿಡಿ ಸ್ಕಿಟ್ ಮಾಡ್ತಿದ್ದೀವಿ. ಆಸ್ಪತ್ರೆ, ಬಸ್ ಸ್ಟ್ಯಾಂಡ್, ಮದುವೆ ಮನೆ, ಎಲ್ಲಕ್ಕೂ ಬೇರೆ ಬೇರೆ ಸೆಟ್ ಬೇಕು. ಕಡಿಮೆ ದುಡ್ಡಲ್ಲಿ ಹೇಗೆ ಮಾಡೋದು?

ಮಾಡಲೇಬೇಡಿ. ಗ್ಯಾದರಿಂಗ್ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ನಾನೂ ಇದೇ ಉತ್ತರ ಹೇಳುತ್ತೇನೆ.

ಸ್ಕಿಟ್‌ಗೊಂದು ಸೆಟ್ ಬೇಕು ಅನ್ನೋ ನಂಬಿಕೆ ನಮ್ಮ ಸೀಮೆಯ ರಂಗಭೂಮಿಯಿಂದಂತೂ ಬಂದದ್ದಲ್ಲ. ಬಯಲಾಟಕ್ಕೆ ಒಂದು ಅಟ್ಟ, ಹಿಂದೆ ಹಿಮ್ಮೇಳ ಇದ್ದರೆ ಸಾಕು. ಅರಮನೆ, ಕಾಡು, ಯುದ್ಧ ಎಲ್ಲವೂ ಅಲ್ಲೇ. ಕಂಪನಿ ನಾಟಕ ನೋಡಿದವರಿಗೆ ಇನ್ನೊಂದು ಗೊತ್ತಿರುತ್ತದೆ. ಬೀದಿ ಚಿತ್ರದ ಪರದೆ ಇಳಿಯುತ್ತಿತ್ತು, ಅದರ ಮುಂದೆ ಹಾಸ್ಯ ಪಾತ್ರಗಳು ಬಂದು ನಗಿಸುತ್ತಿದ್ದವು, ಅಷ್ಟರಲ್ಲಿ ಹಿಂದೆ ದರ್ಬಾರು ಸಿದ್ಧವಾಗುತ್ತಿತ್ತು. ಹಾಸ್ಯಕ್ಕೆ ಸೆಟ್ ಬೇಕಿರಲಿಲ್ಲ, ಸೆಟ್ ಬದಲಿಸೋಕೇ ಹಾಸ್ಯ ಬೇಕಿತ್ತು!

ಲೆಕ್ಕ ಹಾಕಿ ನೋಡಿ. ಒಂದು ಬದಲಾವಣೆಗೆ 2 ನಿಮಿಷ ಅಂದರೂ ಏಳು ಸಲಕ್ಕೆ 14 ನಿಮಿಷ ಕತ್ತಲು. ಕತ್ತಲಾದ ಕೂಡಲೇ ಹುಡುಗರು ಸೀಟಿ ಹೊಡೀತಾರೆ, ಉಳಿದವರು ಫೋನ್ ತೆಗೀತಾರೆ. ಹಿಂದಿನ ಸ್ಕಿಟ್ ಎಬ್ಬಿಸಿದ ನಗು ಅಲ್ಲೇ ತಣ್ಣಗಾಗುತ್ತದೆ. ಮುಂದಿನ ತಂಡ ಮತ್ತೆ ಮೊದಲಿಂದ ಜನರನ್ನು ಎಳೆದು ತರಬೇಕು. ಇಷ್ಟಕ್ಕಾ ದುಡ್ಡು ಖರ್ಚು ಮಾಡೋದು?

ಹಿಂದೆ ಕಪ್ಪು ಬಟ್ಟೆ, ಎರಡು ಬೆಂಚು, ನಾಲ್ಕು ಸ್ಟೂಲು, ಒಂದು ಬಾಗಿಲು. ಸಾಕು. ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿದರೆ ಆಸ್ಪತ್ರೆ, ಎರಡನ್ನೂ ಒಂದರ ಹಿಂದೊಂದು ಇಟ್ಟರೆ ಬಸ್ಸು. ಒಂದು ಸ್ಕಿಟ್‌ನವರು ಹೊರಗೆ ಹೋಗುವಾಗಲೇ ಮುಂದಿನವರು ಮಾತಾಡ್ತಾ ಬೆಂಚು ಎಳೆದುಕೊಳ್ಳಲಿ, ದೀಪ ಆರಿಸಬೇಡಿ.

ದುಡ್ಡು, ಶ್ರಮ ಎರಡನ್ನೂ ಬಾಗಿಲಿಗೆ ಹಾಕಿ. ತಪ್ಪಾದ ಹೊತ್ತಿಗೆ ತಪ್ಪಾದ ಮನುಷ್ಯ ಒಳಗೆ ಬರೋದರಲ್ಲೇ ಅರ್ಧ ನಗು ಇದೆ. 7 ಅಡಿ ಎತ್ತರ, 3 ಅಡಿ ಅಗಲದ ಮರದ ಚೌಕಟ್ಟು ಮಾಡಿಸಿ. ಎರಡೂ ಕಡೆ ಹಿಂದಕ್ಕೆ ತ್ರಿಕೋನದ ಆಸರೆ ಕೊಟ್ಟು, ಬುಡಕ್ಕೆ ಮರಳಿನ ಚೀಲ ಇಡಿ. ಜೋರಾಗಿ ಬಡಿದರೂ ಅಲುಗಬಾರದು. ಹೊಳೆಯೋ ಪೇಂಟ್ ಬೇಡ, ಲೈಟ್ ಬಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಥರ್ಮಾಕೋಲ್‌ನಲ್ಲಂತೂ ಮಾಡಲೇಬೇಡಿ. ಅದು ಬೇಗ ಬೆಂಕಿ ಹಿಡಿಯುತ್ತದೆ, ಸ್ಪ್ರೇ ಪೇಂಟ್ ಹೊಡೆದರೆ ಕರಗಿಯೂ ಹೋಗುತ್ತದೆ.

ಲೈಟ್ ಬಗ್ಗೆ ಒಂದೇ ಮಾತು: ಬಿಳಿ ಬೆಳಕು, ಎದುರಿನ ಎರಡೂ ಮೂಲೆಯಿಂದ, ಮುಖದ ಮೇಲೆ. ಕೆಂಪು, ನೀಲಿ ಡ್ಯಾನ್ಸ್‌ಗೆ ಇರಲಿ.

ನೀವು ಕೇಳದೇ ಇದ್ದದ್ದು ಮೈಕ್ ವಿಷಯ. ರಾಘವ ಕಲಾಮಂದಿರದಂಥ ಸಭಾಂಗಣವಿರಲಿ, ಕಾಲೇಜಿನ ಶಾಮಿಯಾನ ಇರಲಿ, ನಮ್ಮೂರ ಸೆಕೆಗೆ ಫ್ಯಾನ್ ಬಂದ್ ಮಾಡೋಕಾಗಲ್ಲ. ಆ ಸದ್ದಿನಲ್ಲಿ ಕೊನೆ ಸಾಲಿಗೆ ಮಾತು ಕೇಳಿಸದಿದ್ದರೆ ಯಾವ ಜೋಕೂ ನಿಲ್ಲಲ್ಲ. ಒಂದೇ ಮೈಕನ್ನು ಕೈಯಿಂದ ಕೈಗೆ ದಾಟಿಸಿದರೆ ಮಾತಿನ ಟೈಮಿಂಗ್ ಕೆಡುತ್ತದೆ. ವೇದಿಕೆಯ ಅಂಚಿಗೆ ಎರಡು ಮೂರು ಮೈಕ್ ಇಡಿಸಿ, ಬೆಂಚುಗಳನ್ನು ಅವುಗಳ ಹತ್ತಿರಕ್ಕೆ ತನ್ನಿ. ಹಿಂದಿನ ದಿನ ಫ್ಯಾನ್ ಹಾಕಿಯೇ ರಿಹರ್ಸಲ್ ಮಾಡಿ, ಒಬ್ಬರನ್ನು ಕೊನೆ ಸಾಲಲ್ಲಿ ಕೂರಿಸಿ.